ಮೊಸರನ್ನದಲ್ಲಿ ಸಾಸಿವೆ ಕಾಳು

ಮೊನ್ನೆ ರಾತ್ರಿ ಪಕ್ಕದ ಮನೆ ಅಕ್ಕ ಫೋನ್ ಹಿಡಿದುಕೊಂಡು ಬಂದರು. ವಿಜಯಪುರದ ಕಡೆಯವರು, ಮದುವೆಯಾಗಿ ಪುಣೆ ಪಕ್ಕದ ಈ ಪಿಂಪ್ರಿಗೆ ಬಂದವರು. ಆರು ವರ್ಷದ ಮಗನಿಗೆ ಆಟಿಸಂ ಇದೆ, ಅಂದರೆ ಮಾತು, ಬೆರೆಯುವುದು, ನಡವಳಿಕೆ ಬೇರೆ ಥರ ಬೆಳೆಯುವ ಸ್ಥಿತಿ. ಫೋನಿನಲ್ಲಿ ಯಾರೋ ಮಾತಾಡುತ್ತಿದ್ದರು. ಆಟಿಸಂ ಹುಟ್ಟುವುದೇ ಹೊಟ್ಟೆಯಲ್ಲಂತೆ, ಆ್ಯಂಟಿಬಯಾಟಿಕ್ಕೇ ಕಾರಣವಂತೆ, ಅದನ್ನು ವಾಸಿಮಾಡಲು ಅವರ ಹತ್ತಿರ ಒಂದು ಪುಡಿ ಇದೆಯಂತೆ.

"ಸಣ್ಣಾವ ಇದ್ದಾಗ ಕಿವಿ ಸೋರತಿತ್ತು, ನಾಕೈದು ಸಲ ಔಷಧ ಕುಡಿಸೀನಿ. ನಾನ ಕೆಡಿಸಿದ್ನೇನೋ ತಮ್ಮಾ?" ಅಂದರು.

ನನಗೆ ಸಿಟ್ಟು ಬಂದದ್ದು ಆ ಪುಡಿಯವನ ಮೇಲೆ.

ನೋಡಿ, ಹೊಟ್ಟೆ ಮತ್ತು ಆಟಿಸಂ ಬಗ್ಗೆ ಸಂಶೋಧನೆ ನಡೆಯುತ್ತಿರುವುದು ನಿಜ. 2017ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಆಟಿಸಂ ಇರುವ 18 ಮಕ್ಕಳಿಗೆ ಆರೋಗ್ಯವಂತರ ಮಲದಿಂದ ತೆಗೆದ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. ಹೊಟ್ಟೆಯ ತೊಂದರೆ ತುಂಬಾ ಇಳಿಯಿತು, ನಡವಳಿಕೆಯೂ ಸುಧಾರಿಸಿತು. ಆದರೆ ಹುಸಿ ಔಷಧ ಕೊಟ್ಟು ಹೋಲಿಸಿದ ಗುಂಪು ಇರಲಿಲ್ಲ. ಮಗುವಿಗೆ ಏನು ಕೊಡುತ್ತಿದ್ದಾರೆ ಅಂತ ಅಪ್ಪ ಅಮ್ಮನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರೆ ಕಣ್ಣಿಗೆ ಒಳ್ಳೆಯದೇ ಜಾಸ್ತಿ ಕಾಣುತ್ತದೆ, ಅಲ್ವಾ? ಇನ್ನೊಂದು ತಮಾಷೆ. ಆ ಚಿಕಿತ್ಸೆ ಶುರುವಾಗಿದ್ದೇ ಎರಡು ವಾರದ ಆ್ಯಂಟಿಬಯಾಟಿಕ್‌ನಿಂದ! ಪುಡಿಯವನು ಅದನ್ನು ಹೇಳುವುದಿಲ್ಲ.

2021ರಲ್ಲಿ ಆಸ್ಟ್ರೇಲಿಯಾದವರು 247 ಮಕ್ಕಳನ್ನು ನೋಡಿ ಬೇರೆಯದೇ ಮಾತು ಹೇಳಿದರು. ಆಟಿಸಂ ಇರುವ ಮಕ್ಕಳು ಬೆರಳೆಣಿಕೆಯಷ್ಟು ಪದಾರ್ಥ ಮಾತ್ರ ತಿನ್ನುತ್ತಾರೆ, ಅದರಿಂದಲೇ ಹೊಟ್ಟೆಯ ಬ್ಯಾಕ್ಟೀರಿಯಾದ ಬಗೆ ಕಡಿಮೆಯಾಗುತ್ತಿರಬಹುದು ಅಂತ. ನನಗೆ ಇದು ಥಟ್ಟನೆ ಅರ್ಥವಾಯಿತು. ಅಕ್ಕನ ಮಗ ಬಿಳಿ ಬಣ್ಣದ್ದು ಬಿಟ್ಟು ಏನೂ ಮುಟ್ಟುವುದಿಲ್ಲ. ಮೊಸರನ್ನದಲ್ಲಿ ಒಂದೇ ಒಂದು ಸಾಸಿವೆ ಕಾಳು ಕಂಡರೂ ತಟ್ಟೆಯನ್ನೇ ಆಚೆ ತಳ್ಳುತ್ತಾನೆ.

ಹಾಗಂತ ಆ್ಯಂಟಿಬಯಾಟಿಕ್ ಸುಮ್ನೆ ನುಂಗಬಹುದು ಅಂತಲ್ಲ. ಕಿವಿ ಸೋರುವ ಮಗುವಿಗೆ ಡಾಕ್ಟರು ಬರೆದುಕೊಟ್ಟದ್ದು ಬೇರೆ, ನಾವು ನೆಗಡಿಗೆ ತಿನ್ನುವುದು ಬೇರೆ. 1954ರಲ್ಲಿ ಸರ್ಕಾರ ಪೆನಿಸಿಲಿನ್ ಮಾಡಲು ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಕಟ್ಟಿದ್ದು ಇದೇ ಪಿಂಪ್ರಿಯಲ್ಲಿ. ಈಗ ಇಲ್ಲೇ ಮೆಡಿಕಲ್‌ನಲ್ಲಿ "ಅಜಿಥ್ರೋ ತೀನ್ ದ್ಯಾ" (ಆ ಹೆಸರಿನ ಆ್ಯಂಟಿಬಯಾಟಿಕ್ ಮೂರು ಕೊಡಿ) ಅಂದರೆ ಸಾಕು, ಡಾಕ್ಟರ ಚೀಟಿ ಬೇಕು ಅಂತ ಎಚ್ಚರಿಸುವ ಕೆಂಪು ಗೆರೆಯ ಪಟ್ಟಿಯಿಂದ ಮೂರು ಗುಳಿಗೆ ಕತ್ತರಿಸಿ ಕೊಡುತ್ತಾರೆ. ಚೀಟಿ ಕೇಳುವುದಿಲ್ಲ. ನೆಗಡಿ ವೈರಸ್ಸಿನದು, ಬ್ಯಾಕ್ಟೀರಿಯಾ ಕೊಲ್ಲುವ ಈ ಮದ್ದಿನಿಂದ ಅದಕ್ಕೆ ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು, ಆ ವಿದ್ಯೆಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ.

ಅಕ್ಕ ಪುಡಿ ತರಿಸಲಿಲ್ಲ. ನಿನ್ನೆ ಇಡ್ಲಿ ಹಿಟ್ಟಿಗೆ ಒಂದಿಷ್ಟು ಕ್ಯಾರೆಟ್ ತುರಿದು ಹಾಕಿದ್ದರಂತೆ. ಹುಡುಗ ಒಂದೊಂದೇ ಎಳೆ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ಇಡ್ಲಿ ತಿಂದನಂತೆ.