ನಡಾವಳಿ ಪುಸ್ತಕ ಒಂದ್ಸಲ ಓದಿ ಸ್ವಾಮಿ

ನಮಸ್ಕಾರ. ಇವತ್ತು ಶಾಮಿಯಾನದ ಕೆಳಗೆ ಹೋಗೋಣ. ಹೊಸಕೋಟೆ, ಆನೇಕಲ್, ನೆಲಮಂಗಲ, ದೇವನಹಳ್ಳಿ, ಯಾವ ದಿಕ್ಕಿಗೆ ಹೋದ್ರೂ ಸರಿ, ಬೆಂಗಳೂರಿನ ಸುತ್ತ ಗ್ರಾಮಸಭೆ ಅಂದ್ರೆ ಕಾಣೋದು ಒಂದೇ. ಪಂಚಾಯಿತಿ ಆಫೀಸಿನ ಮುಂದೋ ಶಾಲೆ ಅಂಗಳದಲ್ಲೋ ಶಾಮಿಯಾನ, ಬಾಡಿಗೆ ಕುರ್ಚಿ, ಕುಯ್ಯೋ ಅಂತ ಕಿರುಚೋ ಮೈಕು. ಮುಂದಿನ ಸಾಲಲ್ಲಿ ಸ್ವಸಹಾಯ ಸಂಘದ ಹೆಣ್ಮಕ್ಕಳು, ಹಿಂದುಗಡೆ ಬೈಕ್ ಮೇಲೆ ಕೂತು ಒಂದು ಕಾಲು ಊರಿಕೊಂಡಿರೋ ಹುಡುಗರು. ಒಬ್ಬರು ಎದ್ದು ಕೂಗ್ತಾರೆ, "ಮೂರು ವರ್ಷದಿಂದ ನಮ್ಮ ಬೀದಿಗೆ ನೀರಿಲ್ಲ ಸ್ವಾಮಿ!" ಚಪ್ಪಾಳೆ ಬೀಳುತ್ತೆ. ಅಧ್ಯಕ್ಷರು "ಮಾಡೋಣ, ಕೂತ್ಕೊಳ್ಳಣ್ಣ" ಅಂತಾರೆ. ಕೂತ್ಕೊಳ್ತಾರೆ. ಆರು ತಿಂಗಳು ಕಳೆದ ಮೇಲೆ ಅದೇ ಮನುಷ್ಯ, ಅದೇ ಕೂಗು.

ಅವರು ಕೂಗ್ತಿದ್ದಾಗ ಮೇಜಿನ ತುದೀಲಿ ಕೂತಿದ್ದ ಕಾರ್ಯದರ್ಶಿ ಕೈಲಿದ್ದ ಪೆನ್ನು ಅಲುಗಾಡಿತಾ ಇಲ್ವಾ ಅಂತ ಮಾತ್ರ ಯಾರೂ ನೋಡಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಪೆನ್ನಿಂದು.

ಗ್ರಾಮಸಭೆ ಯಾರೋ ದೊಡ್ಡ ಮನಸ್ಸು ಮಾಡಿ ಕರೆಯೋ ಸಭೆ ಅಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಂದ್ಸಲವಾದ್ರೂ ಸೇರಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ನಡೀಬೇಕು. ಕೋರಂ, ಅಂದ್ರೆ ಸಭೆ ನಡೆಸೋಕೆ ಕನಿಷ್ಠ ಇರಲೇಬೇಕಾದ ಜನ, ಎಷ್ಟು? ಮತದಾರರಲ್ಲಿ ಹತ್ತರಲ್ಲೊಂದು ಭಾಗ ಇಲ್ಲವೇ 100 ಜನ, ಯಾವುದು ಕಡಿಮೆಯೋ ಅದು. ಐದಾರು ಸಾವಿರ ಮತದಾರರಿರೋ ಪಂಚಾಯಿತಿಯಲ್ಲಿ ನೂರು ಜನ ಸೇರಿಸೋದು ಕಷ್ಟವೇನಲ್ಲ. ಮನೆ ಹಂಚಿಕೆ ಪಟ್ಟಿ ಓದ್ತಾರೆ ಅಂದ್ರೆ ಸಾಕು, ಮುನ್ನೂರು ಜನ ಬರ್ತಾರೆ. ಪಟ್ಟಿ ಓದಿ ಮುಗಿದ ತಕ್ಷಣ ಅರ್ಧ ಶಾಮಿಯಾನ ಖಾಲಿ. ನೀರು, ಚರಂಡಿ, ಬೀದಿ ದೀಪದ ವಿಷಯ ಬರೋದು ಆಮೇಲೆ, ಖಾಲಿ ಕುರ್ಚಿಗಳ ಮುಂದೆ.

ಲೇಔಟ್‌ನವರಿಗೂ ಒಂದು ಮಾತು. ನಗರದ ಅಂಚಿನ ಹಳ್ಳಿಗಳಲ್ಲಿ ಮನೆ ಕಟ್ಟಿಕೊಂಡು ಬಂದು ಹತ್ತು ವರ್ಷ ಆಗಿರುತ್ತೆ, ಕಸದ ಗಾಡಿ ಬರಲಿಲ್ಲ ಅಂತ ದಿನಾ ವಾಟ್ಸ್ಯಾಪಲ್ಲಿ ಜಗಳ ಆಡ್ತಿರ್ತೀರಿ, ಆದ್ರೆ ವೋಟು ಇನ್ನೂ ರಾಜಾಜಿನಗರದಲ್ಲೇ ಇರುತ್ತೆ. ಗ್ರಾಮಸಭೆಯ ಸದಸ್ಯರು ಅಂದ್ರೆ ಆ ಪಂಚಾಯಿತಿಯ ಮತದಾರರು. ಹೆಸರಿಲ್ಲದಿದ್ರೆ ನೀವು ಬರೀ ಪ್ರೇಕ್ಷಕರು. ನಮೂನೆ 8 ತುಂಬಿ ವಿಳಾಸ ಬದಲಾಯಿಸಿಕೊಂಡು ಆಮೇಲೆ ಬನ್ನಿ.

ಈಗ ಪುಸ್ತಕಕ್ಕೆ ಬರೋಣ. ಸಭೆಯಲ್ಲಿ ಏನಾಯ್ತು ಅನ್ನೋದನ್ನ ನಡಾವಳಿ ಪುಸ್ತಕದಲ್ಲಿ ಬರೀತಾರೆ. ಆಮೇಲೆ ಅದೊಂದೇ ಸಾಕ್ಷಿ. ಅದರಲ್ಲಿ ಎರಡು ಕ್ರಿಯಾಪದಗಳನ್ನ ಹುಡುಕಿ. ಒಂದು, "ಚರ್ಚಿಸಲಾಯಿತು". ಇನ್ನೊಂದು, "ತೀರ್ಮಾನಿಸಲಾಯಿತು". "ವಾರ್ಡ್ 3ರ ನೀರಿನ ಸಮಸ್ಯೆ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು" ಅಂತ ಬರೆದಿದ್ರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಚರ್ಚೆ ಆಯ್ತು, ಮುಗೀತು, ಯಾರ ಮೇಲೂ ಜವಾಬ್ದಾರಿ ಇಲ್ಲ. ಇದಕ್ಕೆ ಒಬ್ಬ ತಮ್ಮನೂ ಇದ್ದಾನೆ, "ಅನುದಾನದ ಲಭ್ಯತೆ ಮೇರೆಗೆ ಪರಿಶೀಲಿಸಲು ಸೂಚಿಸಲಾಯಿತು". ಇಷ್ಟು ಉದ್ದದ ವಾಕ್ಯದಲ್ಲಿ ಮಾಡ್ತೀವಿ ಅಂತ ಎಲ್ಲೂ ಇಲ್ಲ, ಗಮನಿಸಿ. ಆಫೀಸ್ ಕನ್ನಡದ ಜಾಣತನಕ್ಕೆ ಕೈ ಮುಗೀಬೇಕು.

ಆದ್ರೆ ತಪ್ಪು ಪೂರ್ತಿ ಬರೆಯೋರದ್ದೇ ಅಲ್ಲ. "ನೀರಿನ ಸಮಸ್ಯೆ" ಅಂತ ಕೂಗಿದ್ರೆ ಅವರು ಏನಂತ ತೀರ್ಮಾನ ಬರೀಬೇಕು? ಸಮಸ್ಯೆ ಹೇಳೋದು ಬೇರೆ, ಬೇಡಿಕೆ ಇಡೋದು ಬೇರೆ. ನೀರನ್ನೇ ತಗೊಳ್ಳಿ.

ಊರಲ್ಲಿ 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ ಅಂತಿಟ್ಕೊಳ್ಳಿ. ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅಂದ್ರೆ ಒಂದು ಟ್ಯಾಂಕ್ ತುಂಬಿದ್ರೆ ಸುಮಾರು 900 ಜನಕ್ಕೆ ಸಾಕು. ಊರಿನ ಜನ 3,000 ಇದ್ರೆ ಬೇಕಾದ್ದು 1,65,000 ಲೀಟರ್, ದಿನಕ್ಕೆ ಮೂರು ಸಲ ತುಂಬಿ ಇನ್ನೂ ಸ್ವಲ್ಪ. ಕರೆಂಟು, ಬೋರ್‌ವೆಲ್ ಇಳುವರಿ ಎರಡೂ ಸರಿಯಿದ್ರೆ ಇದು ಆಗೋ ಕೆಲಸವೇ. ಮತ್ತೆ ಕೊನೆ ಬೀದಿಗೆ ನೀರು ಯಾಕೆ ಬರಲ್ಲ? ಬೆಳಿಗ್ಗೆ ವಾಟರ್‌ಮ್ಯಾನ್ ಟ್ಯಾಂಕಿನ ವಾಲ್ವ್ ತಿರುಗಿಸ್ತಾರೆ, ಎಲ್ಲಾ ಬೀದಿಗೂ ಒಟ್ಟಿಗೇ ನೀರು ಹೋಗುತ್ತೆ. ತಗ್ಗಲ್ಲಿರೋ ಮನೆಗಳು, ಟ್ಯಾಂಕಿಗೆ ಹತ್ತಿರದ ಮನೆಗಳು ಮೊದಲು ತುಂಬಿಸಿಕೊಳ್ತವೆ. ಅದರ ಮೇಲೆ ಒಬ್ಬರು ನಲ್ಲಿ ಪೈಪಿಗೇ ಅರ್ಧ ಎಚ್‌ಪಿ ಮೋಟರ್ ಹಾಕಿ ಎಳೀತಾರೆ. ಅವರನ್ನ ನೋಡಿ ಪಕ್ಕದವರೂ ಹಾಕಿಸ್ತಾರೆ. ದಿಬ್ಬದ ಮೇಲಿನ ಬೀದಿಗೆ ಬರೋದು ಬುಸ್ಸಂತ ಗಾಳಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣಲ್ಲ. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಬಿದ್ದುಹೋಗುತ್ತೆ, ಜಾಯಿಂಟ್ ಸಡಿಲ ಇರೋ ಕಡೆ ಪಕ್ಕದ ಚರಂಡಿ ನೀರು ಒಳಗೆ ಸೇರುತ್ತೆ. ಊರಲ್ಲಿ ನಾಲ್ಕು ಮಕ್ಕಳಿಗೆ ವಾಂತಿ ಭೇದಿ ಶುರುವಾದ್ರೆ ಎಲ್ಲರೂ ಟ್ಯಾಂಕ್ ತೊಳೆದಿಲ್ಲ ಅಂತ ಬೈತಾರೆ. ಟ್ಯಾಂಕ್ ತೊಳೀಬೇಕು ನಿಜ, ಆದ್ರೆ ಮೊದಲು ಆ ಜಾಯಿಂಟ್ ಹುಡುಕಬೇಕು.

ಇದಕ್ಕೆ ಹೊಸ ಬೋರ್ ಬೇಡ. ಬೀದಿ ಕವಲೊಡೆಯೋ ಕಡೆ ಒಂದೊಂದು ಗೇಟ್ ವಾಲ್ವ್ ಬೇಕು, ಯಾವ ಬೀದಿಗೆ ಎಷ್ಟು ಹೊತ್ತು ಅನ್ನೋ ಪಾಳಿ ಬೇಕು. ಹಾಗಾಗಿ ಸಭೆಯಲ್ಲಿ ಹೀಗೆ ಬರೆಸಿ: "ವಾರ್ಡ್ 3ರಲ್ಲಿ ಮಾರಮ್ಮನ ಗುಡಿ ಅಡ್ಡರಸ್ತೆ ಕೂಡುವಲ್ಲಿ ಮುಖ್ಯ ಕೊಳವೆಗೆ ಒಂದು ಗೇಟ್ ವಾಲ್ವ್ ಅಳವಡಿಸಿ, ಮೇಲಿನ ಬೀದಿಗೂ ಕೆಳಗಿನ ಬೀದಿಗೂ ತಲಾ 45 ನಿಮಿಷ ಪಾಳಿಯಂತೆ ನೀರು ಬಿಡಲು ತೀರ್ಮಾನಿಸಲಾಯಿತು. ನಲ್ಲಿಗೆ ನೇರವಾಗಿ ಜೋಡಿಸಿದ ಮೋಟರ್‌ಗಳನ್ನು 15 ದಿನದೊಳಗೆ ತೆಗೆಸುವುದು. ಜವಾಬ್ದಾರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಗಡುವು 30 ದಿನ." ಜಾಗ, ಕೆಲಸ, ಆಸಾಮಿ, ದಿನ. ಈ ನಾಲ್ಕರಲ್ಲಿ ಒಂದು ಬಿಟ್ಟರೂ ಮುಂದಿನ ಸಭೆಯಲ್ಲಿ "ಪ್ರಗತಿಯಲ್ಲಿದೆ" ಅಂತ ಉತ್ತರ ಬರುತ್ತೆ.

ದುಡ್ಡು ಎಲ್ಲಿಂದ ಅನ್ನೋದನ್ನೂ ಬರೆಸಿದ್ರೆ ಇನ್ನೂ ಗಟ್ಟಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ, 2021-22ರಿಂದ 2025-26ರ ಅವಧಿಗೆ, ನೂರಕ್ಕೆ 60 ರೂಪಾಯಿ ಕಟ್ಟುಹಾಕಿದ ದುಡ್ಡು. ಪಂಚಾಯಿತಿಯವರು ಟೈಡ್ ಅಂತಾರಲ್ಲ, ಅದೇ. ಅದರಲ್ಲಿ ಅರ್ಧ ಕುಡಿಯೋ ನೀರು, ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಅದನ್ನ ಬೇರೆ ಕಡೆ ತಿರುಗಿಸೋ ಹಾಗಿಲ್ಲ. ಅಂದ್ರೆ ನೀರಿನ ವಾಲ್ವ್‌ಗೆ ದುಡ್ಡಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಟೈಡ್ ಬಾಬ್ತಿನಲ್ಲಿ ಎಷ್ಟು ಬಂತು, ಎಲ್ಲಿ ಖರ್ಚಾಯ್ತು ಅಂತ ಕೇಳೋಕೆ ಜಾಗ ಇದೆ. ಊರ ಬಾಗಿಲಿಗೆ ಸ್ವಾಗತ ಕಮಾನು ಬೇಕು ಅನ್ನೋರು ಆ ದುಡ್ಡಿನ ಕಡೆ ಕಣ್ಣು ಹಾಕೋ ಹಾಗಿಲ್ಲ. (ಕಮಾನಿನ ಮೇಲೆ ನನಗೆ ಹಗೆ ಇಲ್ಲ. ಆದ್ರೆ ಅದರ ಮೇಲೆ ಹೆಸರು ಕೆತ್ತಿಸೋ ಉತ್ಸಾಹ ವಾಲ್ವ್ ಮೇಲೆ ಯಾರಿಗೂ ಬರಲ್ಲ, ಅದು ನೆಲದೊಳಗೆ ಹೂತಿರುತ್ತೆ ನೋಡಿ.)

ಬೀದಿ ದೀಪದ ಕಥೆ ಇನ್ನೂ ಮಜಾ. ಎಷ್ಟೋ ಹಳ್ಳಿಗಳಲ್ಲಿ ಮಟಮಟ ಮಧ್ಯಾಹ್ನ ದೀಪ ಉರೀತಿರುತ್ತೆ. ಆರಿಸೋರಿಗೆ ಸೋಮಾರಿತನ ಅಂತ ಜನ ಬೈತಾರೆ. ಕಂಬ ನೋಡಿ. ಬೀದಿ ದೀಪಕ್ಕೇ ಅಂತ ಪ್ರತ್ಯೇಕ ವೈರ್ ಎಳೆದಿದ್ರೆ ಒಂದೇ ಸ್ವಿಚ್ಚಲ್ಲಿ ಇಡೀ ಬೀದಿ ಆರಿಸಬಹುದು. ಅದಿಲ್ಲದೆ ದೀಪವನ್ನ ನೇರವಾಗಿ ಲೈನಿಗೇ ಸಿಕ್ಕಿಸಿದ್ರೆ ಆರಿಸೋಕೆ ಸ್ವಿಚ್ಚೇ ಇಲ್ಲ. ಲೆಕ್ಕ ಹಾಕಿ: 40 ವ್ಯಾಟಿನ 100 ದೀಪ, ಹಗಲು 12 ಗಂಟೆ ದಂಡವಾಗಿ ಉರಿದ್ರೆ ದಿನಕ್ಕೆ 48 ಯೂನಿಟ್, ತಿಂಗಳಿಗೆ 1,440. ಯೂನಿಟ್ಟಿಗೆ ಏಳು ರೂಪಾಯಿ ಅಂತಿಟ್ಕೊಂಡ್ರೂ ತಿಂಗಳಿಗೆ ಹತ್ತು ಸಾವಿರ, ಸೂರ್ಯನಿಗೆ ಬೆಳಕು ತೋರಿಸೋಕೆ. ಬಿಲ್ ಕಟ್ಟೋದು ಪಂಚಾಯಿತಿ, ಅಂದ್ರೆ ನಿಮ್ಮ ಕಂದಾಯ. ಹಾಗಾಗಿ "ಇನ್ನೂ ಹತ್ತು ದೀಪ ಹಾಕಿಸಿ" ಅನ್ನೋದಕ್ಕಿಂತ ಮೊದಲು "ಇಂಥ ಟ್ರಾನ್ಸ್‌ಫಾರ್ಮರ್‌ನಿಂದ ಇಂಥ ಕಂಬದವರೆಗೆ ಬೀದಿ ದೀಪದ ಪ್ರತ್ಯೇಕ ವೈರ್ ಎಳೆದು, ಟೈಮರ್ ಸ್ವಿಚ್ ಮತ್ತು ಮೀಟರ್ ಅಳವಡಿಸಲು ತೀರ್ಮಾನ" ಅಂತ ಬರೆಸಿ.

ಚರಂಡಿಗೆ ಒಂದೇ ಪ್ರಶ್ನೆ ಸಾಕು: ಕೊನೆಗೆ ಎಲ್ಲಿಗೆ ಹೋಗಿ ಬೀಳುತ್ತೆ? ಖಾಲಿ ಸೈಟಿಗೆ ತಂದು ಬಿಟ್ಟಿರೋ ಚರಂಡಿ, ಆ ಸೈಟಲ್ಲಿ ಮನೆ ಎದ್ದ ದಿನ ತುಂಬಿಕೊಂಡು ಹಿಂದಕ್ಕೆ ಬರುತ್ತೆ. ಉತ್ತರ ಸಿಗೋವರೆಗೂ ಚರಂಡಿ ಮಂಜೂರು ಮಾಡಿಸಬೇಡಿ.

ಇನ್ನು ಖಾತೆ. ಸ್ವತ್ತಿನ ದಾಖಲೆಯಾದ ನಮೂನೆ 9, ನಮೂನೆ 11 ಆಗಿಲ್ಲ ಅಂತ ಗ್ರಾಮಸಭೆಯಲ್ಲಿ ಒಂದು ಗಂಟೆ ಜಗಳ ಆಗುತ್ತೆ. ಅದು ನಿಮ್ಮೊಬ್ಬರ ಸ್ವತ್ತಿನ ಅರ್ಜಿ, ಇ-ಸ್ವತ್ತು ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಹೋಗೋದು. ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಕೊಂಡು, ಪಿಡಿಒ ಹತ್ರ ಬೆನ್ನು ಹತ್ತಿ. ಎಲ್ಲರಿಗೂ ಸೇರಿದ ಹೊತ್ತನ್ನ ಅದಕ್ಕೆ ತಿನ್ನಿಸಬೇಡಿ.

ಸಹಿ ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಶಾಮಿಯಾನದ ಬಾಗಿಲಲ್ಲೇ ಒಂದು ಪುಸ್ತಕ ಮುಂದೆ ಹಿಡಿದು "ಹಾಜರಿ ಹಾಕಮ್ಮ" ಅಂತಾರೆ. ಪುಟದ ಮೇಲ್ಗಡೆ ನೋಡಿ. ಸಭೆ ಹೆಸರು, ದಿನಾಂಕ, ಜಾಗ ಬರೆದಿದೆಯಾ? ಖಾಲಿ ಹಾಳೆ ಆದ್ರೆ ಹೆಬ್ಬೆಟ್ಟೂ ಒತ್ತಬೇಡಿ. ನಿಮ್ಮ ಹಾಜರಿಯ ಹಾಳೆಯ ಮುಂದೆ ನಾಳೆ ಯಾವ ತೀರ್ಮಾನ ಬೇಕಾದ್ರೂ ಬಂದು ಕೂರಬಹುದು. ಸಭೆ ಮುಗಿಯೋ ಮುಂಚೆ ಒಬ್ಬರು ಎದ್ದು ನಿಂತು, ಮರ್ಯಾದೆಯಾಗೇ, "ನಡಾವಳಿ ಒಂದ್ಸಲ ಓದಿ ಸ್ವಾಮಿ" ಅಂತ ಕೇಳಿ. ಕೊನೆ ಸಾಲಿನ ಕೆಳಗೆ ಅಡ್ಡಗೆರೆ ಎಳೆದು ಅಧ್ಯಕ್ಷರು ಅಲ್ಲೇ ಸಹಿ ಹಾಕಲಿ. ನಾಲ್ಕು ಜನ ಪುಟಗಳ ಫೋಟೋ ತೆಗೀಲಿ. "ಆಫೀಸಿಗೆ ಹೋಗಿ ನೀಟಾಗಿ ಬರೀತೀವಿ" ಅಂದ್ರೆ ಒಪ್ಪಬೇಡಿ. ಅಕ್ಷರ ಸೊಟ್ಟಗಿದ್ರೂ ಪರವಾಗಿಲ್ಲ.

ಫೋಟೋ ಸಿಗಲಿಲ್ವಾ, ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ, ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಜನ ಇಲ್ಲೇ ಎಡವೋದು. ಊರಿನ ಇತಿಹಾಸ, ಅಧ್ಯಕ್ಷರ ವಂಶಾವಳಿ ಎಲ್ಲ ಬರೆದು ಮೂರು ಪುಟ ಮಾಡ್ತಾರೆ, ಅರ್ಜಿ ವಾಪಸ್ ಬರುತ್ತೆ. "ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಮತ್ತು ಹಾಜರಿ ಪುಟಗಳ ದೃಢೀಕೃತ ಪ್ರತಿ" ಅಂತ ಒಂದೇ ಸಾಲು ಸಾಕು.

ಇಷ್ಟೆಲ್ಲ ತಲೆನೋವು ಯಾಕೆ, ಹೇಗೂ ನಗರಕ್ಕೆ ಸೇರಿಬಿಡ್ತೀವಲ್ಲ ಅನ್ನೋರಿದ್ದಾರೆ. 2007ರಲ್ಲಿ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದವು. ಆ ಹಳ್ಳಿಗಳ ಬಾಯಾರಿಕೆ ನೀಗಿಸೋಕೆ ಅಂತ ಮಾಡಿದ ಕಾವೇರಿ ಐದನೇ ಹಂತದ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ಹದಿನೇಳು ವರ್ಷ. ಹುಟ್ಟಿದ ಮಗು ಕಾಲೇಜಿಗೆ ಹೋಗೋಷ್ಟು ಕಾಲ. ಆ ಹದಿನೇಳು ವರ್ಷ ಆ ಊರುಗಳಿಗೆ ಗ್ರಾಮಸಭೆ ಅನ್ನೋದೂ ಇರಲಿಲ್ಲ.

ಕೊನೇದಾಗಿ ಜಮಾಬಂದಿ. ಗ್ರಾಮಸಭೆ ಗೊತ್ತಿರೋರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನ ಜನರ ಮುಂದೆ ಇಡಬೇಕು, ಕಾಮಗಾರಿ ಆಗಿರೋ ಜಾಗಕ್ಕೂ ಹೋಗಿ ನೋಡಬೇಕು. ಅಲ್ಲಿ ಎಂ.ಬಿ. ಪುಸ್ತಕ, ಅಂದ್ರೆ ಇಂಜಿನಿಯರ್ ಬರೆದ ಅಳತೆ ಪುಸ್ತಕ, ಕೇಳಿ ನೋಡಿ. ಕಾಂಕ್ರೀಟ್ ರಸ್ತೆ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಅಂತಿದ್ರೆ 45 ಘನ ಮೀಟರಿಗೆ ಬಿಲ್ ಆಗಿರುತ್ತೆ. ದಪ್ಪ 10 ಸೆಂಟಿಮೀಟರೇ ಇದ್ರೆ ಹಾಕಿರೋದು 30. ಮೂರರಲ್ಲೊಂದು ಪಾಲು ರಸ್ತೆ ಕಾಗದದ ಮೇಲೆ ಮಾತ್ರ. ಉದ್ದ ಅಗಲ ಕದಿಯೋಕಾಗಲ್ಲ, ಎಲ್ಲರಿಗೂ ಕಾಣುತ್ತೆ. ಕದಿಯೋದು ದಪ್ಪದಲ್ಲಿ. ಅಂಚಲ್ಲಿ ಮಾತ್ರ ಅಳೆದು ಬರಬೇಡಿ, ಅಂಚು ದಪ್ಪಗಿದ್ದು ನಡುವೆ ತೆಳ್ಳಗಿರಬಹುದು. ನಲ್ಲಿ ಪೈಪಿಗೆ ರಸ್ತೆ ಅಗೆದಿರೋ ಜಾಗ ಇದ್ದರೆ ಅಲ್ಲಿ ನಡುಮಧ್ಯದ ದಪ್ಪ ಬಾಯಿಬಿಟ್ಟು ಹೇಳುತ್ತೆ.

ವ್ಯತ್ಯಾಸ ಕಂಡ್ರೆ ಅಲ್ಲೇ ನಿಂತು ಜಮಾಬಂದಿ ವರದಿಗೆ ಬರೆಸಿ, ಓದಿಸಿ, ಫೋಟೋ ತೆಗೆದುಕೊಳ್ಳಿ. ನಿಮ್ಮೂರಿಗೆ ಯಾವ ದಿನ ಅಂತ ಆಗಸ್ಟ್ ಮೊದಲ ವಾರವೇ ಆಫೀಸಲ್ಲಿ ಕೇಳಿಟ್ಕೊಳ್ಳಿ. ಟೇಪು 30 ಮೀಟರಿಂದು ತಗೊಂಡು ಹೋಗಿ. ಬಡಗಿಗಳ 5 ಮೀಟರ್ ಟೇಪು ಹಿಡ್ಕೊಂಡು ಹೋದ್ರೆ ಆ ರಸ್ತೆಗೆ ಇಪ್ಪತ್ತು ಸಲ ಬಗ್ಗಬೇಕು, ಹತ್ತನೇ ಸಲಕ್ಕೆ ಎಲ್ಲರೂ ಟೀ ಕುಡಿಯೋಕೆ ಹೊರಟಿರ್ತಾರೆ.