ಬಿ ಕೋಶ ತನ್ನ ಡಿಎನ್‌ಎಯನ್ನು ತಾನೇ ಯಾಕೆ ಕತ್ತರಿಸುತ್ತದೆ?

[ತೆರೆಯ ಮೇಲೆ: ಡಿಎನ್‌ಎ ಏಣಿ, ನಡುವೆ ಕತ್ತರಿ]

ನಮಸ್ಕಾರ. ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ತುಂಡಾಗುವುದು ಜೀವಕೋಶಕ್ಕೆ ದೊಡ್ಡ ಗಂಡಾಂತರ. ವಿಕಿರಣ ತಗುಲಿದಾಗ ಹಾಗಾಗುತ್ತದೆ. ಆದರೆ ಈ ಕ್ಷಣ ನಿಮ್ಮ ಮೂಳೆಯ ಮಜ್ಜೆಯಲ್ಲಿ ಎಳೆಯ ಬಿ ಕೋಶಗಳು, ಅಂದರೆ ರೋಗಾಣುಗಳಿಗೆ ಅಂಟಿ ತಡೆಯುವ ಪ್ರತಿಕಾಯ ಎಂಬ ಪ್ರೋಟೀನ್‌ಗಳನ್ನು ಮುಂದೆ ತಯಾರಿಸುವ ಬಿಳಿ ರಕ್ತಕಣಗಳು, ಬೇಕಂತಲೇ ತಮ್ಮ ಡಿಎನ್‌ಎಯನ್ನು ಕತ್ತರಿಸಿಕೊಳ್ಳುತ್ತಿವೆ!

ಯಾಕೆ? ನಮ್ಮಲ್ಲಿರುವ ಜೀನ್‌ಗಳು ಸುಮಾರು 20,000. ಪ್ರತಿಕಾಯಗಳ ಬಗೆಗಳು ಕೋಟಿಗಟ್ಟಲೆ. ಲೆಕ್ಕ ತಾಳೆಯಾಗುವುದಿಲ್ಲ ಅಲ್ವಾ? 1976ರಲ್ಲಿ ಸುಸುಮು ತೊನೆಗಾವಾ ಇದರ ಗುಟ್ಟು ಬಿಡಿಸಿದರು. ಪ್ರತಿಕಾಯದ ಜೀನ್ ತುಂಡು ತುಂಡಾಗಿರುತ್ತದೆ, ಬಿ ಕೋಶ ಅದನ್ನು ಜೋಡಿಸಿಕೊಳ್ಳುತ್ತದೆ. 1987ರಲ್ಲಿ ಅವರಿಗೆ ನೊಬೆಲ್ ಬಂತು.

ಪ್ರತಿಕಾಯದಲ್ಲಿ ಭಾರ, ಹಗುರ ಎಂಬ ಎರಡು ಬಗೆಯ ಪ್ರೋಟೀನ್ ಸರಪಳಿಗಳಿವೆ. ಭಾರ ಸರಪಳಿಯ ಜೀನ್‌ಗೆ ವಿ, ಡಿ, ಜೆ ಎಂಬ ಮೂರು ಬಗೆಯ ತುಂಡುಗಳಲ್ಲಿ ಒಂದೊಂದು ಬೇಕು. ಆಯ್ಕೆಗಿರುವ ವಿ ತುಂಡು ಸುಮಾರು 40, ಡಿ 23, ಜೆ 6. ಗುಣಿಸಿ ನೋಡಿ, 5,520. ಹಗುರ ಸರಪಳಿಯನ್ನು ಸೇರಿಸಿದರೂ ಲೆಕ್ಕ ಲಕ್ಷಗಳಲ್ಲೇ ನಿಲ್ಲುತ್ತದೆ. ಉಳಿದದ್ದೆಲ್ಲ ಬರುವುದು ಬೆಸುಗೆಯಲ್ಲಿ.

[ತೆರೆಯ ಮೇಲೆ: ಕತ್ತರಿಸಿದ ತುದಿ ಬಾಗಿ ಮುಚ್ಚಿಕೊಳ್ಳುವ ಚಿತ್ರ]

ಕತ್ತರಿಸುವುದು ರ್‍ಯಾಗ್ ಎಂಬ ಕಿಣ್ವ. ಅದು ಕತ್ತರಿಸಿದಾಗ ಜೀನ್ ತುಂಡಿನ ತುದಿಯಲ್ಲಿ ಒಂದು ಎಳೆ ತಿರುಗಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವು ನೆನಪಿಸಿಕೊಳ್ಳಿ. ವಿಜ್ಞಾನಿಗಳೂ ಇದನ್ನು ಹೇರ್‌ಪಿನ್ ಅಂತಲೇ ಕರೆಯುತ್ತಾರೆ.

ಈಗ ರಿಪೇರಿಯವರು ಬರುತ್ತಾರೆ. ಮೊದಲು ಕು ಪ್ರೋಟೀನ್ ಉಂಗುರದಂತೆ ತುದಿಗೆ ಕೂರುತ್ತದೆ. ಬೆನ್ನಿಗೇ ಡಿಎನ್‌ಎ-ಪಿಕೆ ಎಂಬ ಕಿಣ್ವ ಬರುತ್ತದೆ, ಅದರ ಜೊತೆ ಆರ್ಟೆಮಿಸ್ ಎಂಬ ಇನ್ನೊಂದು ಕಿಣ್ವ. ಹೇರ್‌ಪಿನ್ ಬಿಚ್ಚುವುದು ಆರ್ಟೆಮಿಸ್ ಕೆಲಸ. ಅದು ಸರಿಯಾಗಿ ತುದಿಯಲ್ಲೇ ಬಿಚ್ಚುವುದು ಕಡಿಮೆ, ಆಚೀಚೆ ಬಿಚ್ಚುತ್ತದೆ. ಅಲ್ಲೇ ಡಿಎನ್‌ಎಯ ಒಂದೆರಡು ಅಕ್ಷರ ಹೆಚ್ಚು ಕಡಿಮೆ. ಸಾಲದ್ದಕ್ಕೆ ಟಿಡಿಟಿ ಎಂಬ ಕಿಣ್ವ ಯಾವ ಮಾದರಿಯನ್ನೂ ನೋಡದೆ ಸುಮ್ನೆ ತೋಚಿದ ಅಕ್ಷರ ಸೇರಿಸುತ್ತದೆ. ಕೊನೆಗೆ ಲೈಗೇಸ್-4 ಬೆಸುಗೆ ಹಾಕುತ್ತದೆ.

ಬೇರೆ ಜೀನ್‌ನಲ್ಲಿ ಇಂಥ ಕೆಲಸ ಆಗಿದ್ದರೆ ಅನಾಹುತ. ಇಲ್ಲಿ ಕೋಶಕ್ಕೆ ಬೇಕಾಗಿರುವುದೇ ಈ ಒರಟು ಕೆಲಸ. ಬೆಲೆಯೂ ಇದೆ: ಮೂರು ಬೆಸುಗೆಯಲ್ಲಿ ಸುಮಾರು ಎರಡು ಓದಲು ಬಾರದ ಜೀನ್ ಆಗಿ ಕೆಡುತ್ತವೆ.

[ತೆರೆಯ ಮೇಲೆ: ನೈಋತ್ಯ ಅಮೆರಿಕದ ನಕ್ಷೆ]

ರ್‍ಯಾಗ್ ಮತ್ತು ಟಿಡಿಟಿ ಬಿಟ್ಟರೆ ಈ ತಂಡ ಬಿ ಕೋಶಗಳಿಗೆ, ಇದೇ ರೀತಿ ಜೀನ್ ಜೋಡಿಸಿಕೊಳ್ಳುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ಮಾತ್ರ ಮೀಸಲಲ್ಲ. ಮೈಯೆಲ್ಲ ಇರುವ ಮಾಮೂಲಿ ರಿಪೇರಿಯವರೇ ಇವರು. ನೈಋತ್ಯ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನಾಂಗದಲ್ಲಿ ಸುಮಾರು 2,000 ಶಿಶುಗಳಲ್ಲಿ ಒಂದು, ಕೆಟ್ಟ ಆರ್ಟೆಮಿಸ್ ಜೀನ್‌ನೊಂದಿಗೆ ಹುಟ್ಟುತ್ತದೆ. ಹೇರ್‌ಪಿನ್ ಬಿಚ್ಚುವುದಿಲ್ಲ, ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ, ಹಾಗಾಗಿ ಸೋಂಕು ತಡೆಯುವ ಶಕ್ತಿ ಇಲ್ಲದಂತಾಗುತ್ತದೆ. ಮಜ್ಜೆ ಕಸಿ ಮಾಡೋಣ ಎಂದರೆ ಮೊದಲು ಹಳೆ ಮಜ್ಜೆಗೆ ವಿಕಿರಣ ಅಥವಾ ಕಡಕ್ ಔಷಧಿ ಕೊಡಬೇಕು. ಅದರಿಂದಾಗುವ ಡಿಎನ್‌ಎ ಗಾಯವನ್ನು ಈ ಮಗುವಿನ ಯಾವ ಕೋಶವೂ ಸರಿಯಾಗಿ ಮಾಯಿಸಿಕೊಳ್ಳಲಾರದು.

ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯರು ಬೇರೆ ದಾರಿ ಹಿಡಿದರು. ಮಗುವಿನದೇ ಮಜ್ಜೆಯ ಕೋಶ ತೆಗೆದು, ಸರಿಯಾದ ಆರ್ಟೆಮಿಸ್ ಜೀನ್ ಸೇರಿಸಿ, ಔಷಧಿಯನ್ನು ತೀರಾ ಕಡಿಮೆ ಕೊಟ್ಟು ವಾಪಸ್ ಹಾಕಿದರು. 2022ರಲ್ಲಿ 10 ಶಿಶುಗಳ ಫಲಿತಾಂಶ ಹೊರಬಂತು. ಮಕ್ಕಳ ರಕ್ತದಲ್ಲಿ ಟಿ ಕೋಶಗಳು ಕಾಣಿಸಿಕೊಂಡಿದ್ದವು.