ಆಲೂಗಡ್ಡೆಯಿಂದ ಠಾಣೆ ಖಾಡಿಯ ಕಾಂಡ್ಲಾದವರೆಗೆ: ಅಭಿಸರಣೆಯ ಪಾಠ

ಮುಂಬಯಿಯ ಕನ್ನಡ ಶಾಲೆಗಳ ಶಿಕ್ಷಕ ಬಂಧುಗಳೇ, ಪಾಲಕರೇ, ಮಕ್ಕಳೇ,

ಅಭಿಸರಣೆ ಎಂದರೆ ಕರಗಿದ ಪದಾರ್ಥ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಜೀವಕೋಶದ ಪೊರೆಯ ಮೂಲಕ ನೀರು ದಾಟುವುದು. ಈ ವ್ಯಾಖ್ಯೆಯನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಸಮುದ್ರದ ನೀರು ಹಾಕಿದರೆ ಬಾಲ್ಕನಿಯ ತುಳಸಿ ಏಕೆ ಬಾಡುತ್ತದೆ, ಅಂಥದೇ ಉಪ್ಪುನೀರಿನಲ್ಲಿ ನಿಂತ ಠಾಣೆ ಖಾಡಿಯ (ಸಮುದ್ರದ ಕಿರುಕೊಲ್ಲಿಯ) ದಡದಲ್ಲಿರುವ ಐರೋಲಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಏಕೆ ಬಾಡುವುದಿಲ್ಲ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಈ ಪ್ರಶ್ನೆಗೆ ಉತ್ತರಿಸಲು ಬಂದಾಗಲೇ ಪಾಠ ಮುಟ್ಟಿತು ಎಂದು ನಾನು ತಿಳಿಯುತ್ತೇನೆ.

ಮೊದಲು ಆಲೂಗಡ್ಡೆ ಪ್ರಯೋಗ. ಮೂರು ಲೋಟಗಳಲ್ಲಿ ತಲಾ 200 ಮಿಲಿಲೀಟರ್ ನೀರು. ಒಂದಕ್ಕೆ ಉಪ್ಪು ಬೇಡ, ಎರಡನೆಯದಕ್ಕೆ 2 ಗ್ರಾಂ, ಮೂರನೆಯದಕ್ಕೆ 7 ಗ್ರಾಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಮೂರನೆಯ ಲೋಟ ಹೆಚ್ಚುಕಡಿಮೆ ಅರಬ್ಬೀ ಸಮುದ್ರದ ನೀರೇ. ಚಮಚದ ಲೆಕ್ಕ ಬೇಡ; ಒಂದೇ ಚಮಚದಲ್ಲಿ ಪುಡಿ ಉಪ್ಪು, ಹರಳು ಉಪ್ಪು ಒಂದೇ ತೂಕ ಬರುವುದಿಲ್ಲ. ಸಿಪ್ಪೆ ಪೂರ್ತಿ ತೆಗೆದ ಹಸಿ ಆಲೂಗಡ್ಡೆಯನ್ನು 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ದಪ್ಪದ ತುಂಡುಗಳಾಗಿ ಕತ್ತರಿಸಿ, ಲೋಟಕ್ಕೆ ಐದರಂತೆ ಹಾಕಿ, ಎರಡು ಗಂಟೆ ಬಿಡಿ. ಮೊದಲೂ ಆಮೇಲೂ ತೂಕ ನೋಡಿ.

ಪ್ರಯೋಗ ಕೆಡುವುದು ಈ ತೂಕದಲ್ಲೇ. ಒಂದು ತುಂಡು ಬರೀ 5 ಗ್ರಾಂ ಇರುತ್ತದೆ, ಅದರಲ್ಲಾಗುವ ಬದಲಾವಣೆ ಅಡುಗೆಮನೆಯ ತಕ್ಕಡಿಗೆ ಸಿಗುವುದಿಲ್ಲ. ಐದನ್ನೂ ಒಟ್ಟಿಗೆ ತೂಗಿದರೆ ಸಿಗುತ್ತದೆ: 25 ಗ್ರಾಂ ಇದ್ದದ್ದು 27 ಆದರೆ ಶೇಕಡಾ 8ರ ಏರಿಕೆ. ನೀರಿನಿಂದ ತೆಗೆದ ತುಂಡನ್ನು ಒರೆಸದೆ ತಕ್ಕಡಿಗೆ ಇಟ್ಟರೆ ಮೈಮೇಲಿನ ನೀರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಲ್ಲ ತುಂಡುಗಳನ್ನೂ ಬಟ್ಟೆಯಲ್ಲಿ ಒಂದೇ ರೀತಿ ಒತ್ತಿ ತೆಗೆಯಿರಿ, ಹಿಂಡಬೇಡಿ. ಸಿಪ್ಪೆ ಉಳಿದಿದ್ದರೆ ಆ ಬದಿಯಿಂದ ನೀರು ದಾಟುವುದು ಕಷ್ಟ.

ಎಲ್ಲ ಸರಿಯಾದರೆ ಸಾದಾ ನೀರಿನ ತುಂಡು ಗಟ್ಟಿಯಾಗಿ ಉಬ್ಬುತ್ತದೆ, 7 ಗ್ರಾಮಿನ ಲೋಟದ್ದು ಬಗ್ಗಿಸಿದರೆ ರಬ್ಬರಿನಂತೆ ಬಾಗುತ್ತದೆ, ನಡುವಿನದರಲ್ಲಿ ಬದಲಾವಣೆ ತೀರಾ ಕಡಿಮೆ. ನಡುವಿನ ಲೋಟವನ್ನು ದಯವಿಟ್ಟು ಬಿಡಬೇಡಿ. ಉಪ್ಪಿದ್ದರೆ ನೀರು ಹೊರಬಂದೇ ಬರುತ್ತದೆ ಎಂಬ ತಪ್ಪು ಕಲ್ಪನೆ ಹೋಗುವುದು ಅದರಿಂದಲೇ. ಜೀವಕೋಶದ ಒಳಗಿನ ಸಾಂದ್ರತೆ (ಕರಗಿದ ಪದಾರ್ಥಗಳ ಪ್ರಮಾಣ), ಹೊರಗಿನ ಸಾಂದ್ರತೆ ಎರಡನ್ನೂ ಹೋಲಿಸಿ ನೋಡಬೇಕು. ಸಮಯವಿದ್ದರೆ ಬೇಯಿಸಿದ ತುಂಡನ್ನೂ ಸಾದಾ ನೀರಿಗೆ ಹಾಕಿ. ಬೆಂದಾಗ ಜೀವಕೋಶಗಳ ಪೊರೆ ಹಾಳಾಗಿರುತ್ತದೆ, ಹಸಿ ತುಂಡಿನ ಬಿಗುವು ಅದಕ್ಕೆ ಬರುವುದೇ ಇಲ್ಲ.

ಈಗ ಕಾಂಡ್ಲಾ. ಇಲ್ಲಿಯ ಮರಾಠಿಯಲ್ಲಿ ತಿವರ, ಶಾಸ್ತ್ರೀಯವಾಗಿ ಅವಿಸೆನ್ನಿಯಾ ಮರೀನಾ. ಮುಂಬಯಿಯ ಖಾಡಿಗಳಲ್ಲಿ ಹೆಚ್ಚಾಗಿ ಕಾಣುವ ಜಾತಿ. ಸಮುದ್ರದ ನೀರಿನಿಂದ ಒಳಕ್ಕೆ ನೀರೆಳೆಯಬೇಕಾದರೆ ಇದರ ಜೀವಕೋಶಗಳ ಒಳಗೆ ಹೊರಗಿಗಿಂತ ಹೆಚ್ಚು ಸಾಂದ್ರತೆ ಇರಲೇಬೇಕು. ಅದಕ್ಕಾಗಿ ಜೀವಕೋಶದ ರಸದಾನಿಯಲ್ಲಿ (ರಸ ತುಂಬಿದ ಒಳಚೀಲದಲ್ಲಿ) ಉಪ್ಪನ್ನು ಕೂಡಿಟ್ಟುಕೊಳ್ಳುತ್ತದೆ, ಉಪ್ಪಿನಿಂದ ಕೆಡಬಹುದಾದ, ರಸದಾನಿಯ ಹೊರಗಿನ ಜೀವರಸದಲ್ಲಿ ಬೇರೆ ನಿರಪಾಯಕಾರಿ ಪದಾರ್ಥಗಳನ್ನು ತುಂಬಿಕೊಳ್ಳುತ್ತದೆ. ನೀರಿನ ಜೊತೆ ಬರುವ ಉಪ್ಪಿನ ಬಹುಪಾಲನ್ನು ಬೇರುಗಳೇ ತಡೆಯುತ್ತವೆ. ನುಸುಳಿದ್ದನ್ನು ಎಲೆಯ ಗ್ರಂಥಿಗಳು ಹೊರಹಾಕುತ್ತವೆ. ಮಳೆಗಾಲ ಕಳೆದ ಮೇಲೆ ಭೂತಗನ್ನಡಿ ಹಿಡಿದು ಎಲೆ ನೋಡಿದರೆ ಸಣ್ಣ ಬಿಳಿ ಹರಳುಗಳು ಕಾಣುತ್ತವೆ. ನಾಲಿಗೆಗೆ ತಾಗಿಸುವುದು ಬೇಡ, ಖಾಡಿಗೆ ನಗರದ ಗಟಾರದ ನೀರೂ ಸೇರುತ್ತದೆ. ಎಲೆ ಕೀಳುವುದೂ ಬೇಡ. ಬಾಂಬೆ ಹೈಕೋರ್ಟ್ 2005ರಲ್ಲೇ ಈ ಗಿಡಗಳ ನಾಶಕ್ಕೆ ತಡೆಯೊಡ್ಡಿದೆ.

ನೆಲದಿಂದ ಪೆನ್ಸಿಲುಗಳಂತೆ ಮೇಲೆದ್ದವು ಉಸಿರಾಟದ ಬೇರುಗಳು. ಕೆಸರಿನಲ್ಲಿ ಆಮ್ಲಜನಕ ಇಲ್ಲದ್ದರಿಂದ ಇವುಗಳ ಮೈಯ ಸಣ್ಣ ರಂಧ್ರಗಳ ಮೂಲಕವೇ ಒಳಬೇರಿಗೆ ಗಾಳಿ ಹೋಗಬೇಕು. ಕೆಸರಿನ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಆಮ್ಲಜನಕವಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾದ ಕೆಲಸ.

ಇಷ್ಟು ಗೊತ್ತಿದ್ದರೆ, ಕೊಡಲಿ ಮುಟ್ಟಿಸದೆ ಕಾಂಡ್ಲಾ ಕಾಡನ್ನು ಕೊಲ್ಲುವುದು ಹೇಗೆಂದು ಮಕ್ಕಳೇ ಹೇಳಬಲ್ಲರು. ಒಡೆದ ಕಟ್ಟಡದ ಕಲ್ಲುಮಣ್ಣು (ಡೆಬ್ರಿ) ತಂದು ಸುರಿದರೆ ಉಸಿರಾಟದ ಬೇರುಗಳು ಹೂತುಹೋಗುತ್ತವೆ. ಮಣ್ಣಿನ ಒಡ್ಡು ಹಾಕಿ ಉಬ್ಬರದ ನೀರನ್ನು ತಡೆದರೆ ಇನ್ನೂ ಕೆಟ್ಟದ್ದು: ಬೇಸಿಗೆಯಲ್ಲಿ ಒಳಗಿನ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ, ಮಣ್ಣು ಸಮುದ್ರಕ್ಕಿಂತ ಉಪ್ಪಾಗುತ್ತದೆ. ಆಗ ಮೂರನೆಯ ಲೋಟದ ಆಲೂಗಡ್ಡೆಗಾದ ಗತಿಯೇ ಈ ಗಿಡಕ್ಕೂ. ಕೆಲವು ಕಾಲ ಹಸಿರಾಗಿಯೇ ನಿಂತು ಆಮೇಲೆ ಒಣಗುವುದರಿಂದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ.

ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಾಗ ಅವತ್ತಿನ ಉಬ್ಬರ-ಇಳಿತದ ವೇಳೆ ನೋಡಿಕೊಂಡು ಇಳಿತಕ್ಕೆ ಹೋಗಿ. ಉಬ್ಬರದಲ್ಲಿ ಉಸಿರಾಟದ ಬೇರುಗಳು ನೀರಿನಡಿ ಇರುತ್ತವೆ. ಕೆಸರಿಗೆ ಇಳಿಸಬೇಡಿ. ಒಣಗಿದ ಗಿಡಗಳ ಗುಂಪು ಕಂಡರೆ ಅಲ್ಲಿಗೆ ನೀರು ಯಾವ ದಾರಿಯಲ್ಲಿ ಬರುತ್ತಿತ್ತು, ಈಗ ಎಲ್ಲಿ ನಿಂತಿದೆ ಎಂದು ಹುಡುಕಲು ಹೇಳಿ. ಅಂಥ ಜಾಗದಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಸಸಿ ಉಳಿಯುವುದಿಲ್ಲ. ಮೊದಲು ಮುಚ್ಚಿದ ಮೋರಿ ಬಿಡಿಸಬೇಕು, ಉಬ್ಬರ ಬಂದು ಹೋಗಿ ಮಣ್ಣಿನ ಹೆಚ್ಚುವರಿ ಉಪ್ಪನ್ನು ತೊಳೆಯಬೇಕು. ಹತ್ತಿರದಲ್ಲಿ ತಾಯಿಗಿಡಗಳಿದ್ದರೆ ಎಷ್ಟೋ ಕಡೆ ಸಸಿ ನೆಡುವ ಅಗತ್ಯವೂ ಬೀಳುವುದಿಲ್ಲ, ನೀರಿನಲ್ಲಿ ತೇಲಿಬಂದ ಬೀಜಗಳೇ ಬೇರು ಬಿಡುತ್ತವೆ.